ಎಡಗೈಯವನಿಗೆ ಬರೆದುಕೊಟ್ಟ ಕಾಗದ

ಬೇಸ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ ಸಂಗತಿ. ಒಂದು, ಅದು ಅಮೆರಿಕದವರ ಆಟ. ಎರಡು, ಅಡಿಲೇಡಿನಲ್ಲಿ ಅದನ್ನು ಆಡುವವರಿಗೆ ಶನಿವಾರ ಮಧ್ಯಾಹ್ನ ಏನಾದರೊಂದು ಮುರಿಯುತ್ತದೆ, ಮುರಿದದ್ದನ್ನು ಸೋಮವಾರ ಬೆಳಗ್ಗೆ ನನ್ನ ಕ್ಲಿನಿಕ್ಕಿಗೆ ಹೊತ್ತು ತರುತ್ತಾರೆ. ಇಷ್ಟು ಪಾಂಡಿತ್ಯದ ಮೇಲೆ ನನ್ನನ್ನು ಒಂದು ಬೇಸ್‌ಬಾಲ್ ಕ್ಲಬ್ಬಿನ ಗೌರವ ವೈದ್ಯೆಯನ್ನಾಗಿ ಮಾಡಿದರು. ಮನೆಗೆ ಬಂದು ಸುದ್ದಿ ಹೇಳಿದರೆ ನನ್ನ ಗಂಡ ಪೇಪರಿನಿಂದ ತಲೆಯೆತ್ತದೆ, "ಅವ್ರಿಗೆ ಬೇರೆ ಯಾರೂ ಸಿಗ್ಲಿಲ್ವಾ?" ಅಂದರು. ಅವರು ಪೆಥಾಲಜಿಸ್ಟ್. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುವ ಕೆಲಸ. ರೋಗಿಗಳು ಮಾತಾಡುತ್ತಾರೆ ಎನ್ನುವುದು ಅವರಿಗೆ ವೈದ್ಯಶಾಸ್ತ್ರದ ದೊಡ್ಡ ಲೋಪವಾಗಿ ಕಾಣುತ್ತಿತ್ತು.

ಕ್ಲಬ್ಬಿನ ಅಧ್ಯಕ್ಷನದು ಮಾಂಸದಂಗಡಿ. ಗ್ಲೆನೆಲ್ಗ್‌ನಲ್ಲಿ ಟ್ರ್ಯಾಮ್ ಸಮುದ್ರ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ನನ್ನ ಕ್ಲಿನಿಕ್ಕು, ಅಲ್ಲಿಂದ ಮೂರನೆಯದು ಅವನ ಅಂಗಡಿ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿ ಬೋರ್ಡು ಹಾಕಿದಾಗ ಮೊದಲ ಮೂರು ವಾರ ಒಬ್ಬ ನರಪಿಳ್ಳೆಯೂ ಬರಲಿಲ್ಲ. ಸೀರೆಯುಟ್ಟ ಈ ಹೆಂಗಸು ಔಷಧಿ ಕೊಡುತ್ತಾಳೋ ಕೈ ನೋಡಿ ಭವಿಷ್ಯ ಹೇಳುತ್ತಾಳೋ ಎಂದು ಜನ ಕಿಟಕಿಯಿಂದ ಇಣುಕಿ ಮುಂದೆ ಹೋಗುತ್ತಿದ್ದರು. ಮೊದಲು ಒಳಗೆ ಕಾಲಿಟ್ಟವನು ಇವನೇ, ಆ ಕಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿತ್ತು. ಗೌಟ್ ಎನ್ನುವ ಕೀಲುವಾತ. ಹತ್ತು ದಿನದಲ್ಲಿ ಇಳಿಯಿತು. ಅವನು ಚಾಪ್ಸ್ ಕಟ್ಟಿಕೊಡುತ್ತ ಕೊಡುತ್ತಲೇ ಊರಿಗೆಲ್ಲ ಡಂಗುರ ಹೊಡೆದ, ನನ್ನ ಬಾಗಿಲಲ್ಲಿ ಜನ ಕಂಡರು. ಕೃತಜ್ಞತೆಗೆಂದು ಪ್ರತಿ ಶುಕ್ರವಾರ ಒಂದು ಪೊಟ್ಟಣ ಕುರಿಮಾಂಸ ತಂದುಕೊಡತೊಡಗಿದ. ನಾವು ಹುಟ್ಟಾ ಸಸ್ಯಾಹಾರಿಗಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ನಾಲ್ಕು ವರ್ಷ ಆ ಮಾಂಸವನ್ನು ಪಕ್ಕದ ಮನೆಯ ನಾಯಿ ತಿಂದಿತು.

ಈ ಬಾಯಿ ಬರದಿರುವುದೇ ನನ್ನ ಹುಟ್ಟು ರೋಗ. ನಮ್ಮ ಕಡೆ ಅದಕ್ಕೆ ದಾಕ್ಷಿಣ್ಯ ಅಂತ ಮರ್ಯಾದೆಯ ಹೆಸರಿದೆ. ಮೈಸೂರಿನಲ್ಲಿ ಅದು ಇಲ್ಲದವರನ್ನು ಮದುವೆಗೂ ಕರೆಯುತ್ತಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ ರೋಗಕ್ಕೆ ಚಿಕಿತ್ಸೆ ಎಲ್ಲಿಂದ ಬರಬೇಕು?

ರೋಗ ನನಗೊಬ್ಬಳಿಗೇ ಇರಲಿಲ್ಲ ಅನ್ನುವುದು ಸಮಾಧಾನ. ಮೈಸೂರಿನಲ್ಲಿ ಒಂದೇ ಕಾಲೇಜಿನಲ್ಲಿ ಓದಿದ ನಾವು ಮೂವರು ಈ ಖಂಡದ ಮೂರು ಮೂಲೆ ಹಿಡಿದಿದ್ದೆವು. ನನ್ನ ಕ್ಲಾಸ್‌ಮೇಟ್ ಒಬ್ಬ ಪರ್ತ್‌ನಲ್ಲಿ. ಅವನು ಜೂಂಡಲಪ್ ಕಡೆ, ಆಗ ಬರೀ ಮರಳು ಮತ್ತು ಪೊದೆ ಇದ್ದ ಜಾಗದಲ್ಲಿ, ಸೈಟು ತೆಗೆದುಕೊಂಡು ಎಲ್ಲರ ನಗೆಪಾಟಲಿಗೆ ಗುರಿಯಾಗಿದ್ದ. ನಮಗಿಂತ ನಾಲ್ಕು ವರ್ಷ ಸೀನಿಯರ್ ಆದ ಮಂಗಳೂರಿನವರೊಬ್ಬರು ಬ್ರಿಸ್ಬೇನ್‌ನಲ್ಲಿ, ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಕ್ಲಿನಿಕ್ ಇಟ್ಟಿದ್ದರು. ಅಡಿಲೇಡಿನಲ್ಲಿ ನಾನು. ರಂಜಾನ್‌ಗೆ ಪರ್ತ್‌ನವನು, ಕ್ರಿಸ್ಮಸ್‌ಗೆ ಬ್ರಿಸ್ಬೇನ್‌ನವರು, ಯುಗಾದಿಗೆ ನಾನು ಫೋನ್ ಮಾಡುವುದು ಅಂತ ಒಪ್ಪಂದ. ಉಳಿದ ದಿನಗಳಲ್ಲಿ ನಮ್ಮ ನಡುವೆ ಓಡಾಡುತ್ತಿದ್ದದ್ದು ರೋಗಿಗಳ ಕಾಗದಗಳು. ಊರು ಬದಲಿಸುವ ರೋಗಿ ಸಿಕ್ಕರೆ, "ಅಲ್ಲಿ ನಮ್ಮವರಿದ್ದಾರೆ, ನೋಡ್ಕೋತಾರೆ" ಎಂದು ಒಂದು ಕಾಗದ ಬರೆದುಕೊಡುತ್ತಿದ್ದೆವು. ನಮ್ಮವರು ಬರೆದ ಕಾಗದವನ್ನು ನಾವು ಅನುಮಾನಿಸುತ್ತಿರಲಿಲ್ಲ. ಇಂಗ್ಲಿಷ್ ಡಾಕ್ಟರು ಬರೆದದ್ದಾದರೆ ಮತ್ತೊಮ್ಮೆ ಎಕ್ಸ್-ರೇ ತೆಗೆಸಿ, ತಪ್ಪು ಸಿಕ್ಕರೆ ಸಂಜೆ ಊಟದ ಜೊತೆ ನೆಂಚಿಕೊಳ್ಳುತ್ತಿದ್ದೆವು. ನಮ್ಮವರದ್ದಕ್ಕೆ ಮರುಪರೀಕ್ಷೆ ಮಾಡುವುದು ಅಂದರೆ ಅವರ ಮುಖಕ್ಕೆ ಹೊಡೆದ ಹಾಗೆ.

ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಕ್ಲಬ್ಬಿಗೆ ಒಬ್ಬ ಪಿಚರ್ ಬೇಕಾಯಿತು. ಪಿಚರ್ ಅಂದರೆ ದಿಬ್ಬದ ಮೇಲೆ ನಿಂತು ಚೆಂಡೆಸೆಯುವವನು, ತಂಡದ ಪ್ರಾಣವೇ ಅವನು. ಇದ್ದ ಪಿಚರ್ ಮದುವೆಯಾಗಿ ಹೆಂಡತಿಯ ಅಪ್ಪನ ದ್ರಾಕ್ಷಿತೋಟಕ್ಕೆ ಹೊರಟುಹೋಗಿದ್ದ. ಅಧ್ಯಕ್ಷ ನನ್ನ ಮುಂದೆ ಕೂತು ಧ್ವನಿ ತಗ್ಗಿಸಿದ.

"ಡಾಕ್, ಬ್ರಿಸ್ಬೇನ್‌ನಲ್ಲಿ ಒಬ್ಬ ಇದಾನೆ. ಎಡಗೈ. ಅವನು ಎಸೆದ ಚೆಂಡು ಹತ್ರ ಬಂದು ಸೊಂಟ ತಿರುಗಿಸ್ಬಿಡುತ್ತೆ. ದೇಶದಲ್ಲೇ ಅಂಥವನಿಲ್ಲ."

"ಹಾಗಾದ್ರೆ ನಿಮಗ್ಯಾಕೆ ಸಿಗ್ತಾನೆ?"

ಅಧ್ಯಕ್ಷ ತಲೆ ಕೆರೆದುಕೊಂಡ. "ಸ್ವಲ್ಪ ಬೇಗ ಮುರಿತಾನೆ."

ಸ್ವಲ್ಪ ಅನ್ನುವುದರ ವಿವರ ಆಮೇಲೆ ತಿಳಿಯಿತು. ಪರ್ತ್‌ನಲ್ಲಿ ಹುಟ್ಟಿದವನು, ವೃತ್ತಿಯಲ್ಲಿ ಮನೆಗಳಿಗೆ ಬಣ್ಣ ಬಳಿಯುವವನು, ವಯಸ್ಸು ಇಪ್ಪತ್ತೇಳು. ಪರ್ತ್‌ನಲ್ಲಿ ಜಾರಿಬಿದ್ದು ಎಡಭುಜ ಕೀಲು ತಪ್ಪಿತ್ತು. ಬ್ರಿಸ್ಬೇನ್‌ನಲ್ಲಿ ಮೊಣಕೈ ಊದಿ ಅರ್ಧ ಸೀಸನ್ ಹೋಯಿತು. ಒಮ್ಮೆ ತೊಡೆಯ ಸ್ನಾಯು ಹರಿಯಿತು. ಒಮ್ಮೆ ಏಣಿಯಿಂದ ಬಿದ್ದ. ಒಮ್ಮೆ ಗೆದ್ದ ಸಂಭ್ರಮದಲ್ಲಿ ಅವನದೇ ತಂಡದವರು ಎತ್ತಿ ಕುಣಿಸಲು ಹೋಗಿ ಕೆಳಕ್ಕೆ ಹಾಕಿ ಎರಡು ಪಕ್ಕೆಲುಬು ಮುರಿದರು. ಬ್ರಿಸ್ಬೇನ್‌ನ ಎರಡು ಕ್ಲಬ್ಬುಗಳು ಇನ್ನು ನಮಗೆ ಬೇಡ ಎಂದು ಕೈ ತೊಳೆದುಕೊಂಡಿದ್ದವು. ನಮ್ಮ ಕ್ಲಬ್ಬಿನ ಕಮಿಟಿಯಲ್ಲೂ ಅರ್ಧ ಜನ ಬೇಡ ಅಂದರು. ಕೊನೆಗೆ, ಡಾಕ್ಟರು ಎಡಭುಜ ಸರಿಯಿದೆ ಎಂದು ಬರೆದುಕೊಟ್ಟರೆ ಮಾತ್ರ ಸಹಿ ಹಾಕಿಸಿಕೊಳ್ಳೋಣ ಎಂದು ತೀರ್ಮಾನವಾಯಿತು. ಅಂದರೆ ಅವನ ಕೊನೆಯ ಅವಕಾಶ ನನ್ನ ಪೆನ್ನಿನ ತುದಿಯಲ್ಲಿತ್ತು. ಅವನ ತೋಳೂ ಅಲ್ಲೇ ಇತ್ತು.

ಆ ಆಗಸ್ಟಿನಲ್ಲಿ ನಾನು ಹೇಗೂ ಬ್ರಿಸ್ಬೇನ್‌ಗೆ ಹೋಗಬೇಕಿತ್ತು. ಸೀನಿಯರ್ ಮಗಳ ಪ್ರಥಮ ಪರಮಪ್ರಸಾದದ ಹಬ್ಬ. "ಹಾಗೇ ಹುಡುಗನನ್ನ ನೋಡ್ಬಿಟ್ಟು ಬನ್ನಿ" ಎಂದ ಅಧ್ಯಕ್ಷ. ಬೇಸ್‌ಬಾಲ್ ಇತಿಹಾಸದಲ್ಲಿ ಕಾಂಚೀಪುರದ ಸೀರೆಯುಟ್ಟು ಆಟಗಾರನನ್ನು ಆರಿಸಲು ಹೋದವಳು ನಾನೊಬ್ಬಳೇ ಇರಬೇಕು.

ಹೋಗಿ ನೋಡಿದರೆ ಅವನು ಸೀನಿಯರ್‌ದೇ ರೋಗಿ. ಇಷ್ಟು ದೊಡ್ಡ ದೇಶದಲ್ಲಿ ಹೀಗೂ ಉಂಟೇ ಅಂತ ನಿಮಗೆ ಅನ್ನಿಸಬಹುದು. ಆಟಗಾರರ ಮೂಳೆ ಮುರಿಯುವುದು ವಾರಾಂತ್ಯದಲ್ಲಿ, ವಾರಾಂತ್ಯದ ಡ್ಯೂಟಿ ಬೀಳುವುದು ನಮ್ಮಂಥವರಿಗೆ, ಆದ್ದರಿಂದ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಪರ್ತ್‌ನಲ್ಲಿ ಕೀಲು ತಪ್ಪಿದಾಗ ಕ್ಯಾಶುವಾಲ್ಟಿಯಲ್ಲಿ ಅದನ್ನು ಕೂಡಿಸಿದವನು ಕೂಡ ನನ್ನ ಕ್ಲಾಸ್‌ಮೇಟೇ. ಅವನ ಕಾಗದ ಹಿಡಿದುಕೊಂಡೇ ಈತ ಬ್ರಿಸ್ಬೇನ್‌ಗೆ ಬಂದು ಸೀನಿಯರ್ ಬಾಗಿಲು ತಟ್ಟಿದ್ದ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಸೀನಿಯರ್ ನನ್ನನ್ನು ಒಂದು ಮೈದಾನಕ್ಕೆ ಕರೆದುಕೊಂಡು ಹೋದರು. ಎಡಗೈಯವನು ಉದ್ದನೆಯ ಮನುಷ್ಯ, ಪ್ಯಾಂಟಿನ ಮೇಲೆಲ್ಲ ಹಳದಿ ಬಣ್ಣದ ಕಲೆ. ಇಪ್ಪತ್ತು ಚೆಂಡು ಎಸೆದ. ನನಗೆ ಆಟ ತಿಳಿಯದು, ಆದರೂ ಕಣ್ಣು ಕೀಳಲಾಗಲಿಲ್ಲ. ತೋಳು ಹಿಂದೆ ಹೋಗುವಾಗ ನಿಧಾನ, ಮುಂದೆ ಬರುವಾಗ ಕಣ್ಣಿಗೇ ಕಾಣದು. ಚೆಂಡು ನೆಟ್ಟಗೆ ಬಂದು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸುತ್ತಿತ್ತು. ಎಸೆದ ಮೇಲೆ ಪ್ರತಿಸಲ ಅವನು ಬಲಗೈಯಿಂದ ಎಡಭುಜವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅದೇನು ಅಂತ ನಾನು ಕೇಳಲಿಲ್ಲ. ಅವನು ಹತ್ತಿರ ಬಂದು, "ಡಾಕ್, ನಂಗೆ ಒಂದೇ ಒಂದು ಪೂರ್ತಿ ಸೀಸನ್ ಸಾಕು. ಆಮೇಲೆ ಜೀವಮಾನ ಪೂರ್ತಿ ಗೋಡೆ ಬಳಿತೀನಿ" ಅಂದ.

ಮರುದಿನ ಹಬ್ಬದ ಊಟ. ಸೀನಿಯರ್ ಮನೆಯಲ್ಲಿ ಐವತ್ತು ಜನಕ್ಕೆ ಹಂದಿಮಾಂಸ, ಅದರ ಜೊತೆಗೆ ಸಣ್ಣ ಎನ್ನುವ ಮಂಗಳೂರು ಕಡೆಯ ಇಡ್ಲಿ. ನನಗೊಬ್ಬಳಿಗೆ ಅಂತ ಅವರ ಹೆಂಡತಿ ಹೊಸ ಪಾತ್ರೆ ಕೊಂಡು ತಂದು ಅದರಲ್ಲಿ ಬಿಸಿಬೇಳೆಬಾತ್ ಮಾಡಿದ್ದರು. ಆ ಹೊಸ ಪಾತ್ರೆ ನೋಡಿದಾಗಲೇ ನನ್ನ ವೈದ್ಯವಿದ್ಯೆ ಅರ್ಧ ಕರಗಿತು. ಎರಡನೇ ಸಲ ಬಡಿಸುವಾಗ ನಾನು ಎಡಗೈಯವನ ವಿಷಯ ತೆಗೆದೆ.

"ಭುಜ ಹೇಗಿದೆ ಸರ್? ಕೀಲಿಗೊಂದು ಡೈ ಹಾಕಿ ಎಕ್ಸ್-ರೇ ತೆಗ್ಸೋಣ, ಒಳಗೆ ಹರಿದಿದ್ರೆ ಕಾಣುತ್ತೆ ಅಂತ..."

"ಎಂಥದ್ದು ಮಾರಾಯ್ತಿ, ಅವನಿಗೆ ಭುಜ ಚೆನ್ನಾಗಿಯೇ ಉಂಟು. ಮೊಣಕೈಯದ್ದು ಸ್ವಲ್ಪ ರಗಳೆ ಇತ್ತು, ಅದೂ ಹೋಯ್ತು. ನಾನು ಬರೆದು ಕೊಡ್ತೇನೆ, ನೀನು ತಲೆಬಿಸಿ ಮಾಡ್ಬೇಡ."

ಊಟದ ಮೇಜಿನ ಮೇಲೇ ಲೆಟರ್‌ಹೆಡ್ ತರಿಸಿ ಬರೆದರು. 'ಎಡಭುಜವು ಸಂಪೂರ್ಣವಾಗಿ ಗುಣವಾಗಿದೆ.' ಸಹಿ ಹಾಕಿದರು. ಅವರ ಹೆಂಡತಿ ಒಂದು ಬಾಟಲಿ ನಿಂಬೆಕಾಯಿ ಉಪ್ಪಿನಕಾಯಿ ಮತ್ತು ಆ ಕಾಗದ ಎರಡನ್ನೂ ನನ್ನ ಚೀಲಕ್ಕೆ ಹಾಕಿದರು.

ಇಲ್ಲಿ ಒಂದು ಮಾತು ಹೇಳಬೇಕು. ಭುಜ ಅಂದರೆ ಏನು ಎಂದು ನನಗೆ ಕಲಿಸಿದವರೇ ಈ ಮನುಷ್ಯ. ಮೊದಲ ವರ್ಷ ಅನಾಟಮಿಯಲ್ಲಿ ನಾನು ಡುಮ್ಕಿ ಹೊಡೆಯುವುದರಲ್ಲಿದ್ದಾಗ, ಕಾಲೇಜಿನ ಮೆಟ್ಟಿಲ ಮೇಲೆ ಕೂತು ಹೆಗಲ ಮೂಳೆಯನ್ನು ನನ್ನ ಕೈಗೆ ಕೊಟ್ಟು, ಯಾವ ಸ್ನಾಯು ಎಲ್ಲಿ ಅಂಟಿಕೊಂಡಿದೆ ಎಂದು ಹದಿನೈದು ದಿನ ಹೇಳಿಕೊಟ್ಟರು. ಪಾಸಾದೆ. ಅವರು ಭುಜದ ಬಗ್ಗೆ ಬರೆದದ್ದನ್ನು ನಾನು ತಿದ್ದುವುದೇ? ಆ ಯೋಚನೆ ಬಂದರೂ ಕೆನ್ನೆಗೆ ಬಡಿದುಕೊಳ್ಳುತ್ತಿದ್ದೆ.

ಎರಡು ವಾರದ ನಂತರ ಎಡಗೈಯವನು ತನ್ನ ಹಳೇ ವ್ಯಾನಿನಲ್ಲಿ ಬ್ರಶ್ಶು, ಏಣಿ, ಬಟ್ಟೆ ತುಂಬಿಕೊಂಡು ಅಡಿಲೇಡಿಗೆ ಬಂದ. ನಮ್ಮ ಕಮಿಟಿ ಮಾಂಸದಂಗಡಿಯಲ್ಲಿ ಸೇರಿ ನನ್ನ ಕಾಗದಕ್ಕೆ ಕಾಯುತ್ತಿತ್ತು. ಅವನು ನನ್ನ ಕ್ಲಿನಿಕ್ಕಿನಲ್ಲಿ ಶರ್ಟು ತೆಗೆದು ಕೂತ. ಎದುರಿನಿಂದ ನೋಡಿದರೆ ತೋಳು ಅಚ್ಚುಕಟ್ಟಾಗಿತ್ತು. ಮೇಲೆತ್ತು ಅಂದೆ, ಎತ್ತಿದ. ಹಿಂದಕ್ಕೆ ತಿರುಗಿಸು ಅಂದೆ, ತಿರುಗಿಸಿದ. ನಾನು ಅವನ ಹಿಂದೆ ಹೋದೆ.

ಎಡ ಹೆಗಲ ಮೂಳೆಯ ಏಣಿನ ಕೆಳಗೆ, ಸ್ನಾಯು ಉಬ್ಬಿರಬೇಕಾದ ಕಡೆ, ಒಂದು ಹಳ್ಳವಿತ್ತು. ಬಲಗಡೆ ತುಂಬಿಕೊಂಡಿತ್ತು, ಎಡಗಡೆ ಬೆರಳಿಟ್ಟರೆ ಮೂಳೆಯೇ ಸಿಗುತ್ತಿತ್ತು. ನನ್ನ ಬೆರಳು ಅಲ್ಲೇ ನಿಂತಿತು. ಸ್ನಾಯು ಸುಮ್ಮನೆ ಹಾಗೆ ಬತ್ತುವುದಿಲ್ಲ. ಒಳಗೆ ಎಲ್ಲೋ ಹರಿದು ತಿಂಗಳುಗಳಾಗಿರಬೇಕು, ಇನ್ನೂ ಎಸೆದರೆ ಉಳಿದದ್ದೂ ಹರಿಯುತ್ತದೆ. ಅಂಗೈಯನ್ನು ನನ್ನ ಕೈಗೆ ಒತ್ತು ಅಂತ ಹೇಳಿ ಬಲ ನೋಡಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಾನು ಆ ಅರ್ಧ ನಿಮಿಷ ತೆಗೆದುಕೊಳ್ಳಲಿಲ್ಲ. ಗೊತ್ತಾದರೆ ಡೈ ಹಾಕಿಸಬೇಕು, ಡೈ ಹಾಕಿಸಿದರೆ ಸೀನಿಯರ್‌ಗೆ ಫೋನ್ ಮಾಡಿ, "ಸರ್, ನೀವು ಬರೆದದ್ದು ತಪ್ಪು" ಅನ್ನಬೇಕು. ಅವರ ದುಂಡು ಅಕ್ಷರದ ಕಾಗದ ಮೇಜಿನ ಮೇಲೆ ಬಿಡಿಸಿಟ್ಟಿತ್ತು. ಅವರ ಕಣ್ಣಿಗೆ ಕಾಣದ್ದು ನನಗೆ ಕಾಣುತ್ತದೆಯೇ, ನನ್ನ ಬೆರಳಿಗೇ ಭ್ರಮೆ ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವಾಗಲೇ ಅದು ಸುಳ್ಳು ಎಂದೂ ಗೊತ್ತಿತ್ತು. "ಶರ್ಟ್ ಹಾಕ್ಕೋ" ಅಂದೆ.

'ಎಡಭುಜವು ಸ್ಪರ್ಧಾತ್ಮಕ ಆಟಕ್ಕೆ ಯೋಗ್ಯವಾಗಿದೆ ಎಂದು ದೃಢೀಕರಿಸುತ್ತೇನೆ.' ನನ್ನ ಇಂಗ್ಲಿಷು ಆವತ್ತು ಬಹಳ ಸೊಗಸಾಗಿತ್ತು.

ಸಹಿಯ ದಿನ ಕ್ಲಬ್ಬಿನಲ್ಲಿ ಬಾರ್ಬಿ, ಅಂದರೆ ಬಯಲಲ್ಲಿ ಕೆಂಡದ ಮೇಲೆ ಮಾಂಸ ಸುಡುವ ಊಟ. ಹೊಗೆಯ ನಡುವೆ ಅಧ್ಯಕ್ಷ ಭಾಷಣ ಮಾಡಿದ. ನನಗೆಂದು ಒಂದು ಮೂಲೆಯಲ್ಲಿ ಆಲೂಗಡ್ಡೆ ಸುಟ್ಟರು, ಅದೂ ಸಾಸೇಜಿನ ಕೊಬ್ಬಿನಲ್ಲೇ ಹೊರಳಾಡಿ ಬಂತು. ಎಡಗೈಯವನು ನನ್ನ ಕಾಗದವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ. ಯೋಗ್ಯವಾಗಿದೆ ಅನ್ನುವ ಮಾತನ್ನು ಎರಡು ಸಲ ಓದಿದ. ನನ್ನ ಮಗಳು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದಳು. "ಎಷ್ಟು ಜೋರಾಗಿ ತಟ್ತೀಯೇ, ಕೈ ನೋವಾಗುತ್ತೆ" ಅಂದರೆ, "ಬಟ್ ಹಿ ಈಸ್ ಅವರ್ ಪಿಚರ್, ಅಮ್ಮಾ!" ಅಂದಳು. ನಾನು ಆಲೂಗಡ್ಡೆಯನ್ನು ತಟ್ಟೆಯ ಅಂಚಿಗೆ ಸರಿಸಿದೆ.

ಅಕ್ಟೋಬರಿನಲ್ಲಿ ಆಟ ಶುರುವಾಯಿತು. ನಾಲ್ಕು ಶನಿವಾರ ಅವನು ಎಸೆದ, ನಾಲ್ಕೂ ಗೆದ್ದೆವು. ಗೆದ್ದೆವು ಅಂತ ನಾನೇ ಹೇಳುತ್ತಿದ್ದೇನೆ ನೋಡಿ, ಅಷ್ಟು ಹುಚ್ಚು ಹಿಡಿದಿತ್ತು. ಬ್ಯಾಟು ಬೀಸುವವರು ಗಾಳಿಯನ್ನು ಹೊಡೆದು, ತಿರುಗಿ, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸುತ್ತಿದ್ದರು. ಮೂರನೇ ಶನಿವಾರ ನನ್ನ ಗಂಡ ಕೂಡ ನೆಲಮಾಳಿಗೆಯಿಂದ ಮೇಲೆದ್ದು ಬಂದು, ಎರಡು ಗಂಟೆ ಬಿಸಿಲಲ್ಲಿ ಕೂತು, "ಬದುಕಿರೋರಲ್ಲೂ ನೋಡೋಕೆ ಏನೋ ಇದೆ" ಎಂದು ಒಪ್ಪಿಕೊಂಡರು. ವಾರದ ನಡುವೆ ಎಡಗೈಯವನು ನನ್ನ ಕ್ಲಿನಿಕ್ಕಿನ ಕಾಯುವ ಕೋಣೆಗೆ ಬಣ್ಣ ಬಳಿದ. ಛಾವಣಿಯನ್ನು ಬಳಿಯುವಾಗ ಬ್ರಶ್ಶು ಬಲಗೈಯಲ್ಲಿತ್ತು. ಎಡಗೈಯವನು ಬಲಗೈಯಲ್ಲಿ ಯಾಕೆ ಬಳಿಯುತ್ತಿದ್ದಾನೆ ಎಂದು ನಾನು ಕೇಳಬಹುದಿತ್ತು. ಆಗ ನನಗೆ ಟೀ ಮಾಡುವ ಕೆಲಸ ಬಂತು. ಸೀನಿಯರ್ ಬರೆದಿದ್ದಾರೆ, ನಾಲ್ಕು ಆಟ ಗೆದ್ದಿದ್ದಾನೆ, ಇನ್ನೇನು ಸಾಕ್ಷಿ ಬೇಕು ಎಂದು ಸಕ್ಕರೆ ಹಾಕಿ ಕದಡಿದೆ.

ಐದನೇ ಶನಿವಾರ, ಆಟ ಅರ್ಧ ಮುಗಿದಿತ್ತು. ಅವನು ತೋಳು ಹಿಂದಕ್ಕೆ ತೆಗೆದ, ಮುಂದೆ ತಂದ, ಚೆಂಡು ಅವನ ಕಾಲ ಬುಡದಲ್ಲೇ ಬಿದ್ದು ಎರಡು ಸುತ್ತು ಉರುಳಿತು. ಜನ ನಕ್ಕರು, ಜಾರಿತು ಅಂದುಕೊಂಡರು. ಅವನು ಆ ಚೆಂಡನ್ನೇ ನೋಡುತ್ತ ನಿಂತಿದ್ದ. ಬಗ್ಗಿ ಎತ್ತಿಕೊಳ್ಳಲು ಎಡಗೈ ಚಾಚಲು ನೋಡಿದ, ಕೈ ಬರಲಿಲ್ಲ. ನಾನು ಸೀರೆಯ ನೆರಿಗೆ ಎತ್ತಿಹಿಡಿದು ಮೈದಾನದೊಳಗೆ ಓಡಿದೆ. ಅವನ ಮುಖ ಬೂದಿಯಾಗಿತ್ತು. "ಸಾರಿ ಡಾಕ್" ಅಂದ. ಅವನು ನನ್ನನ್ನು ಕ್ಷಮೆ ಕೇಳಿದ. ಆ ಮಾತು ಈಗಲೂ ಒಮ್ಮೊಮ್ಮೆ ನೆನಪಾಗಿ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ.

ಆಪರೇಷನ್ ಮಾಡಿದ ಸರ್ಜನ್ ನನ್ನನ್ನು ಕಾರಿಡಾರಿಗೆ ಕರೆದ. ಭುಜದ ಒಳಗಿನ ಸ್ನಾಯುಗಳು ನೂಲುನೂಲಾಗಿದ್ದವಂತೆ. ದೊಡ್ಡ ಹರಕು ಹಳೆಯದು, ಒಂದು ವರ್ಷದ ಮೇಲಿನದು. ಈಗ ಹೋದದ್ದು ಅಂಟಿಕೊಂಡಿದ್ದ ಕೊನೆಯ ಎಳೆ. "ಇವನನ್ನ ಆಡೋಕೆ ಪಾಸ್ ಮಾಡಿದ್ದು ಯಾವ ಮುಠ್ಠಾಳ?" ಎಂದು ಕೇಳಿದ. "ನಾನೇ" ಅಂದೆ. ಅವನು ಕೆಮ್ಮಿ, ಕೈ ಒರೆಸಿಕೊಂಡು, ಹವಾಮಾನದ ಬಗ್ಗೆ ಏನೋ ಹೇಳಿದ. ಎಡತೋಳು ಇನ್ನು ಎದೆಯ ಮಟ್ಟಕ್ಕಿಂತ ಮೇಲೆ ಬರುವುದು ಅನುಮಾನ ಎಂದು ಹೊರಡುವಾಗ ಸೇರಿಸಿದ.

ಭಾನುವಾರ ಮಧ್ಯಾಹ್ನ ಬ್ರಿಸ್ಬೇನ್‌ಗೆ ಫೋನ್ ಮಾಡಿದೆ. ಜಗಳವಾಡಬೇಕೆಂದು ಮೂರು ಸಲ ಅಭ್ಯಾಸ ಮಾಡಿಕೊಂಡಿದ್ದೆ. ಅವರು ಎತ್ತಿದ ಕೂಡಲೇ ಬಾಯಿಗೆ ಬಂದದ್ದು, "ಸರ್, ಚೆನ್ನಾಗಿದೀರಾ?" ಆಮೇಲೆ ವಿಷಯ ಹೇಳಿದೆ.

"ನಾನು ಭುಜ ನೋಡಿದ್ದೇ ಇಲ್ಲ ಮಾರಾಯ್ತಿ. ಮೊಣಕೈ ಮಾತ್ರ ನೋಡಿದ್ದು. ಭುಜ ಗುಣ ಆಗ್ತದೆ ಅಂತ ಪರ್ತ್‌ನವ ಬರೆದಿದ್ದನಲ್ಲ. ಅವ ಕೂಡಿಸಿದ್ದನ್ನು ನಾನು ಬಿಚ್ಚಿ ನೋಡಿದ್ರೆ ಅವನಿಗೆ ಹೇಗಾಗ್ತದೆ? ಮತ್ತೆ, ಹೇಗೂ ನೀನು ನೋಡ್ತೀಯಲ್ಲ ಅಂತ ಧೈರ್ಯ. ಭುಜದಲ್ಲಿ ನೀನು ಪಕ್ಕಾ ಅಲ್ವಾ."

ಪರ್ತ್‌ಗೆ ಫೋನ್ ಮಾಡಿದೆ. ಅವನು ಮೊದಲು ನಕ್ಕ, ಆಮೇಲೆ ನಗಲಿಲ್ಲ. "ಲೇ, ನಾನು ಆರು ವಾರದಲ್ಲಿ ಸರಿಹೋಗ್ಬಹುದು ಅಂತ ಬರೆದಿದ್ದೆ ಅಷ್ಟೆ. ಫಾಲೋಅಪ್‌ಗೆ ಆ ಪುಣ್ಯಾತ್ಮ ಬರ್ಲೇ ಇಲ್ಲ. ಮುಂದೆ ನಮ್ಮವ್ರೇ ನೋಡ್ಕೋತಾರಲ್ಲ ಅಂತ ಬಿಟ್ಬಿಟ್ಟೆ."

ಪರ್ತ್‌ನಲ್ಲಿ 'ಆಗಬಹುದು', ಬ್ರಿಸ್ಬೇನ್‌ನಲ್ಲಿ 'ಆಗಿದೆ', ಅಡಿಲೇಡಿನಲ್ಲಿ 'ದೃಢೀಕರಿಸುತ್ತೇನೆ'. ಮೂರು ಡಾಕ್ಟರು, ಮೂರು ಡಿಗ್ರಿ, ಒಂದು ಭುಜ. ಅದು ಗುಣವಾಯಿತೇ ಎಂದು ಮುಟ್ಟಿ ನೋಡಿದವಳು ನಾನೊಬ್ಬಳು. ಅವರಿಬ್ಬರೂ ಗುಣವಾದದ್ದನ್ನು ನೋಡದೆ ಬರೆದರು. ನಾನು ಕಂಡಮೇಲೂ ಬರೆದೆ. ಫೋನ್ ಇಟ್ಟಮೇಲೆ ಅವರಿಬ್ಬರನ್ನೂ ಬೈಯಲು ಹೋಗಿ, ಈ ಲೆಕ್ಕ ಅಡ್ಡ ಬಂದು ಬೈಗುಳ ಬಾಯಲ್ಲೇ ಉಳಿಯಿತು.

ಕ್ಲಬ್ಬು ಆ ವರ್ಷ ಕೊನೆಯ ಸ್ಥಾನಕ್ಕೆ ಇಳಿಯಿತು. ಅಧ್ಯಕ್ಷ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಶುಕ್ರವಾರದ ಪೊಟ್ಟಣ ಮಾತ್ರ ನಿಂತಿತು, ಪಕ್ಕದ ಮನೆಯ ನಾಯಿ ನಮ್ಮ ಗೇಟಿನ ಬಳಿ ಬಂದು ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಎಡಗೈಯವನು ಪೋರ್ಟಿನ ಕಡೆ ಒಂದು ಗೋದಾಮಿನಲ್ಲಿ ಬಲಗೈಯ ಕೆಲಸ ಹಿಡಿದ ಎಂದು ಕೇಳಿದೆ. ಹೋಗಿ ನೋಡಬೇಕು ಅಂತ ಅಂದುಕೊಂಡೆ, ಹೋಗಲಿಲ್ಲ.

ಎಂಬತ್ತರ ದಶಕ ಶುರುವಾಗಿತ್ತು. ಒಂದು ಮಧ್ಯಾಹ್ನ ಅವನೇ ಬಂದ. ಕಾಯುವ ಕೋಣೆಯಲ್ಲಿ ತಾನೇ ಬಳಿದ ಗೋಡೆಯ ಕೆಳಗೆ, ತನ್ನ ಸರದಿಗೆ ಕಾಯುತ್ತ, ಹಳೇ ಮ್ಯಾಗಜೀನು ತಿರುವುತ್ತಿದ್ದ. ಒಳಗೆ ಬಂದು ಕೂತು ನಗುನಗುತ್ತಲೇ ವಿಷಯಕ್ಕೆ ಬಂದ. ಪರ್ತ್‌ನಲ್ಲಿ ಹಳೇ ಗೆಳೆಯರ ಕ್ಲಬ್ಬೊಂದು ಅವನನ್ನು ಕರೆಯುತ್ತಿದೆ. ದಿಬ್ಬದಿಂದ ಎಸೆಯುವುದು ಬೇಡ, ಹೊಡೆದು ಓಡಿಬರುವವರು ಮೊದಲು ಮುಟ್ಟುವ ಬೇಸಿನ ಬಳಿ ನಿಂತು ಚೆಂಡು ಹಿಡಿದರೆ ಸಾಕು. ಆದರೆ ಕಾಗದ ಬೇಕಂತೆ.

"ಕೈ ಈಗ ಪರವಾಗಿಲ್ಲ ಡಾಕ್. ನೀವ್ ಬರೆದ್ರೆ ತಗೋತಾರೆ."

ನಾನು ಎದ್ದು ಬಾಗಿಲು ಹಾಕಿದೆ. ಶರ್ಟು ತೆಗೆಸಿದೆ. ಈ ಸಲ ಮುಕ್ಕಾಲು ಗಂಟೆ ನೋಡಿದೆ. ಟೇಪು ಹಿಡಿದು ಅಳೆದೆ, ಅಂಗೈ ಒತ್ತಿಸಿದೆ, ಎರಡೂ ತೋಳು ಎತ್ತಿಸಿ ಪಕ್ಕಪಕ್ಕ ನೋಡಿದೆ. ಹೊರಗೆ ರೋಗಿಗಳು ಗೊಣಗುವುದು ಕೇಳುತ್ತಿತ್ತು. ಎಡಗೈ ಎದೆಯ ತನಕ ಬಂದು ಅಲ್ಲೇ ನಿಂತು ಅದುರಿತು. ಹಳ್ಳ ಹಾಗೇ ಇತ್ತು, ಅದರ ಪಕ್ಕ ಆಪರೇಷನ್ನಿನ ಗಾಯದ ಗುರುತು.

"ಬರೆಯೋಕಾಗಲ್ಲ. ಒಂದು ಸಲ ಕೆಳಗೆ ಬಿದ್ರೆ ಈ ಕೈಯಲ್ಲಿ ಚಮಚಾನೂ ಹಿಡಿಯಲ್ಲ ನೀನು" ಅಂದೆ. ನನ್ನ ಜೀವಮಾನದಲ್ಲಿ ಎದುರಿಗೆ ಕೂತ ಮನುಷ್ಯನಿಗೆ ಅಷ್ಟು ನೇರವಾಗಿ ಇಲ್ಲ ಅಂದದ್ದು ಅದೇ ಮೊದಲು.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಬಲಗೈಯಲ್ಲಿ ಒಂದೊಂದೇ ಗುಂಡಿ ಹಾಕಿಕೊಳ್ಳುತ್ತ ಹೇಳಿದ: "ಹೋಗ್ಲಿ ಬಿಡಿ. ಕೇಳಿ ನೋಡೋಣ ಅಂತ ಬಂದೆ. ಆವತ್ತು ನಿಮ್ ಬೆರಳು ನನ್ ಬೆನ್ ಮೇಲೆ ನಿಂತ್ಬಿಡ್ತಲ್ಲ, ಆಗ್ಲೇ ನಂಗೆ ಗೊತ್ತಾಯ್ತು. ಇವ್ರಿಗೆ ಸಿಕ್ತು ಅಂತ. ಮುಗೀತು ನನ್ ಕಥೆ ಅಂದ್ಕೊಂಡೆ. ನೀವ್ ನೋಡೀನೂ ಬರೆದ್ಕೊಟ್ರಿ. ನಂಗೆಷ್ಟು ಬೇಕು ಅಂತ ನಿಮಗೊಬ್ರಿಗೇ ಅರ್ಥ ಆಯ್ತು. ಆ ನಾಲ್ಕು ಆಟ ನೀವ್ ಕೊಟ್ಟಿದ್ದು ಡಾಕ್. ಕೈ ಹೋದ್ರೂ ಅದಿದೆ ನಂಗೆ."

ಅವನು ಎರಡು ವರ್ಷದಿಂದ ಹೀಗೆ ನಂಬಿಕೊಂಡು ಬದುಕಿದ್ದ. ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ತಲೆಯಾಡಿಸುವುದು ನನಗೆ ಕರತಲಾಮಲಕ. ಆದರೆ ಅವನ ಆಸೆ ಕಂಡು ಬರೆದುಕೊಟ್ಟಳೆಂದು ಅವನು ಥ್ಯಾಂಕ್ಸ್ ಹೇಳುತ್ತಿದ್ದ ಆ ಹೆಂಗಸು ಈ ಲೋಕದಲ್ಲೇ ಇರಲಿಲ್ಲ. ಅವಳ ಹೆಸರಿನಲ್ಲಿ ಬಂದದ್ದನ್ನು ತೆಗೆದುಕೊಳ್ಳುವುದು ನನ್ನಿಂದ ಆಗಲಿಲ್ಲ.

"ಇಲ್ಲ. ನಾನು ನಿನ್ ಬಗ್ಗೆ ಯೋಚನೇನೇ ಮಾಡ್ಲಿಲ್ಲ. ಬ್ರಿಸ್ಬೇನ್ ಡಾಕ್ಟ್ರು ನನ್ ಗುರುಗಳು. ಅವರ ಕಾಗದ ತಪ್ಪು ಅಂದ್ರೆ ಅವರಿಗೆ ಬೇಜಾರಾಗುತ್ತೆ ಅಂತ ಸೈನ್ ಹಾಕ್ದೆ. ಅಷ್ಟೆ."

ಕೊನೆಯ ಗುಂಡಿಯ ಮೇಲೆ ಅವನ ಬೆರಳು ನಿಂತಿತು. ಮುಖದಲ್ಲಿ ಕೋಪ ಇರಲಿಲ್ಲ. ಎದ್ದು ಬಾಗಿಲ ತನಕ ಹೋಗಿ, ಹಿಡಿಯ ಮೇಲೆ ಬಲಗೈ ಇಟ್ಟು ಹೇಳಿದ.

"ಅದನ್ನ ನೀವು ನಿಮ್ಮಲ್ಲೇ ಇಟ್ಕೋಬಹುದಿತ್ತು, ಡಾಕ್."

ಅವನು ಹೋದಮೇಲೆ ಮುಂದಿನ ರೋಗಿಯನ್ನು ಕರೆಯಲು ನನಗೆ ಹತ್ತು ನಿಮಿಷ ಬೇಕಾಯಿತು. ಮೊದಲು ಅವನ ತೋಳು ಕಿತ್ತುಕೊಂಡೆ, ಆಮೇಲೆ ಆ ನಾಲ್ಕು ಆಟವನ್ನೂ ಕಿತ್ತುಕೊಂಡೆ. ಎರಡನೆಯದನ್ನು ಅವನಿಗಾಗಿ ಮಾಡಿದೆನೋ ನನ್ನ ಮನಸ್ಸು ಹಗುರಾಗಲೆಂದು ಮಾಡಿದೆನೋ ಎಂದು ಮನೆಗೆ ಹೋಗಿ ಗಂಡನನ್ನು ಕೇಳಿದೆ. ಅವರು ಪೇಪರು ಮಡಚಿಟ್ಟು, ನನ್ನ ಮುಖ ನೋಡಿ, "ನಿನಗಾಗಿ" ಅಂದರು.